ಚಂಗೀಜ್ ಖಾನ್ ಪೆಂಡಿಂಗ್

ಜಗತ್ತಿನ ಇತಿಹಾಸದಲ್ಲಿ ನಡೆದ ಹತ್ಯಾಕಾಂಡಗಳಿಗೆಲ್ಲ ಯಾರು ಹೊಣೆ ಎಂಬ ಪ್ರಶ್ನೆ ೧೯೭೮ರಲ್ಲಿ ಮಾನ್ವಿಯ ಒಂದು ಸರ್ಕಾರಿ ಕಚೇರಿಯಲ್ಲಿ ಇತ್ಯರ್ಥವಾಯಿತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಈಗಲೂ ಪಿಂಚಣಿ ತೆಗೆದುಕೊಳ್ಳುತ್ತಿದ್ದಾರೆ.

ಆ ಕಚೇರಿಯ ಎರಡನೇ ದರ್ಜೆ ಗುಮಾಸ್ತ ವೆಂಕೋಬನಿಗೆ ಆಗ ಮೂವತ್ತೆರಡು ವರ್ಷ. ಊರು ದೇವದುರ್ಗ ತಾಲೂಕಿನ ಮಸರಕಲ್. ಹೆಂಡತಿ ಬಸ್ಸಮ್ಮ ದೇವದುರ್ಗದಲ್ಲಿ ಶಾಲಾ ಶಿಕ್ಷಕಿ. ಅವರ ಸಂಸಾರ ಪ್ರತಿ ಶನಿವಾರ ಸಂಜೆ ಶುರುವಾಗಿ ಸೋಮವಾರ ಮೊದಲ ಬಸ್ಸಿಗೆ ಮುಗಿಯುತ್ತಿತ್ತು. ಎರಡು ವರ್ಷದ ಮಗಳು ಅವನನ್ನು 'ಬಸ್ ಮಾಮಾ' ಎಂದು ಕರೆಯುತ್ತಿದ್ದಳು. 'ಅಪ್ಪ' ಅನ್ನು ಎಂದು ಬಸ್ಸಮ್ಮ ಎಷ್ಟು ತಿದ್ದಿದರೂ ಮಗು ಕಣ್ಣಾರೆ ಕಂಡದ್ದನ್ನು ಬಿಟ್ಟುಕೊಡಲಿಲ್ಲ. ದೇವದುರ್ಗಕ್ಕೆ ವರ್ಗ ಕೋರಿ ವೆಂಕೋಬ ನಾಲ್ಕು ಅರ್ಜಿ ಹಾಕಿದ್ದ. ರಾಯಚೂರಿನ ಜಿಲ್ಲಾ ಕಚೇರಿ ನಾಲ್ಕಕ್ಕೂ ಒಂದೇ ಉತ್ತರ ಕೊಟ್ಟಿತ್ತು: 'ಸ್ವಂತ ಕೋರಿಕೆಯಾದ್ದರಿಂದ ಅವಸರವಿಲ್ಲ.'

ಆ ವರ್ಷ ಯುಗಾದಿಯ ಹೊತ್ತಿಗೆ ಅವನು ವಿಚಾರವಾದಿಯಾದ. ಗ್ರಂಥಾಲಯದಿಂದ ತಂದ ಜಗತ್ತಿನ ಇತಿಹಾಸದ ದಪ್ಪ ಪುಸ್ತಕವೊಂದು ಅದಕ್ಕೆ ಕಾರಣ. ಅದರ ಪೂರ್ವಾರ್ಧದಲ್ಲಿ, ದೇವರ ಹೆಸರಿನಲ್ಲಿ ಯಾರು ಯಾರನ್ನು ಎಷ್ಟು ಕೊಂದರು ಎಂಬುದನ್ನು ವಿವರವಾಗಿ ಬರೆದಿತ್ತು. ಉತ್ತರಾರ್ಧವನ್ನು ಗೆದ್ದಲು ತಿಂದಿತ್ತು. ಪುಸ್ತಕ ಬರೆದವನು ಕೊನೆಗೆ ಏನು ತೀರ್ಮಾನಿಸಿದನೋ ಗೆದ್ದಲಿಗೇ ಗೊತ್ತು. ವೆಂಕೋಬ ಮಾತ್ರ ಹಣೆಗೆ ಕುಂಕುಮ ಹಚ್ಚುವುದನ್ನು ಬಿಟ್ಟು, ಅಂಗಿಯ ಜೇಬಿನಲ್ಲಿ ಎರಡು ಪೆನ್ನು ಇಡತೊಡಗಿದ.

ಕಚೇರಿಯ ಎದುರಿಗೆ ದೊಡ್ಡಪ್ಪನ ಹೋಟೆಲು. ಒಳಗೆ ಎರಡು ಬೆಂಚು, ಒಂದು ಒಲೆ, ಮೂರು ದೇವರ ಪಟ, ಹದಿನಾರು ಗಾಜಿನ ಗ್ಲಾಸು. ಹೊರಗೋಡೆಯ ಗೂಡಿನಲ್ಲಿ ನೆಗ್ಗಿದ ಒಂದು ಅಲ್ಯುಮಿನಿಯಂ ಗ್ಲಾಸು. ಅದು ಚಂದ್ರಬಂಡದಿಂದ ಬಂದ ಕಚೇರಿಯ ಜವಾನ ತಾಯಣ್ಣನದು. ಅವನು ಬಂದು ಗೂಡಿನಿಂದ ಗ್ಲಾಸು ತೆಗೆದು ಹಿಡಿಯುತ್ತಿದ್ದ, ದೊಡ್ಡಪ್ಪ ಮೇಲಿನಿಂದ ಚಹಾ ಹೊಯ್ಯುತ್ತಿದ್ದ. ತಾಯಣ್ಣ ನಿಂತು ಕುಡಿದು, ತಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದ. ಹನ್ನೆರಡು ವರ್ಷದಿಂದ ಹೀಗೆ ನಡೆದು ಬಂದದ್ದರಿಂದ ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಒಳಗೆ ನಡೆದ ದೊಡ್ಡ ಸಂಗತಿಗೆ ಬರೋಣ.

ಒಂದು ಮಧ್ಯಾಹ್ನ ವೆಂಕೋಬ ಬೆಂಚಿನ ಮೇಲೆ ಕೂತು, ಚಹಾ ಸೊರ್ರನೆ ಎಳೆದು, ಘೋಷಿಸಿದ:

"ಲೋಕದಾಗ ಇಷ್ಟು ಕೊಲಿ ಆಗ್ಯಾವಲ್ರಿ, ಎಲ್ಲಾ ಧರ್ಮದಿಂದನ ಆಗ್ಯಾವ. ಓದೀನಿ ನಾನು."

ಎದುರಿಗೆ ಮೊದಲ ದರ್ಜೆ ಗುಮಾಸ್ತ ಮರಿಸ್ವಾಮಿ ಕೂತಿದ್ದರು. ಅವರ ಹಣೆಯ ಮೂರು ವಿಭೂತಿ ಗೆರೆಗಳನ್ನು ನೋಡಿ ರಿಜಿಸ್ಟರಿನಲ್ಲಿ ಗೆರೆ ಎಳೆಯಬಹುದಾಗಿತ್ತು.

"ಧರ್ಮ ಇಲ್ಲದ್ದಕ್ಕ ಆಗ್ಯಾವೋ ಮಾರಾಯಾ. ಹಿಟ್ಲರ್ ಏನ್ ದಿನಾ ಲಿಂಗಪೂಜಿ ಮಾಡತಿದ್ದನೇನು? ಸ್ಟಾಲಿನ್ ವಿಭೂತಿ ಹಚ್ಚತಿದ್ದನೇನು?"

"ಹಂಗಾರ ಶಿಲುಬಿ ಹಿಡಕೊಂಡು ಇನ್ನೂರು ವರ್ಷ ಯುದ್ಧ ಮಾಡಿದವರು ಯಾರ್ರಿ? ನಾಸ್ತಿಕರೇನು?"

"ಅವರದು ಖರೇ ಧರ್ಮ ಅಲ್ಲ. ಖರೇ ಧರ್ಮ ಇದ್ದಿದ್ರ ಕೊಲ್ಲತಿದ್ರೇನು?"

"ಅಂದ್ರ ಸ್ಟಾಲಿನ್‌ದೂ ಖರೇ ನಾಸ್ತಿಕತನ ಅಲ್ಲ ಬಿಡ್ರಿ!"

ಸಂತೆಯಲ್ಲಿ ಹುಳುಕು ಬದನೆಕಾಯಿಯನ್ನು ಪಕ್ಕದವನ ಬುಟ್ಟಿಗೆ ಮೆಲ್ಲಗೆ ದಾಟಿಸುವ ಹಾಗೆ ಇಬ್ಬರೂ ಕೊಲೆಗಡುಕರನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ದಾಟಿಸಿದರು. ಟೈಪಿಸ್ಟ್ ವಲಿ ಪಾಷಾ ಬಿಸ್ಕೀಟು ಅದ್ದುತ್ತ ಕೇಳಿದರು:

"ಚಂಗೀಜ್ ಖಾನ್‌ನ ಯಾರ ಬುಟ್ಟಿಗಿ ಹಾಕತೀರಿ?"

"ನಿಮ್ಮ ಕಡಿ," ಎಂದು ಇಬ್ಬರೂ ಪರಸ್ಪರ ಬೆರಳು ತೋರಿಸಿದರು.

"ಹಂಗಾರ ಅವಂದು ಪೆಂಡಿಂಗ್ ಇಡ್ರಿ," ಎಂದರು ವಲಿ ಪಾಷಾ.

ಹೊರಗೆ ತಾಯಣ್ಣ ಗ್ಲಾಸು ತೊಳೆದು ಗೂಡಿನಲ್ಲಿಟ್ಟು, ಚಹಾದ ಹೊತ್ತು ಮುಗಿಯಿತು ಎಂದು ಹೇಳಿದ.

ವಾದ ಅಲ್ಲಿಗೇ ನಿಂತಿದ್ದರೆ ಇತಿಹಾಸಕ್ಕೆ ನಷ್ಟವಾಗುತ್ತಿತ್ತು. ಕಚೇರಿಗೆ ಬಂದ ಮೇಲೂ ಅದು ಮುಂದುವರಿಯಿತು. ಆದರೆ ಒಳಕೋಣೆಯಲ್ಲಿ ಸಾಹೇಬರು ಊಟದ ನಂತರ ಕಣ್ಣು ಮುಚ್ಚಿ ಕಡತಗಳನ್ನು ಆಲೋಚಿಸುವ ಹೊತ್ತು ಅದು, ಗದ್ದಲ ಮಾಡುವಂತಿರಲಿಲ್ಲ. ಹಾಗಾಗಿ ವೆಂಕೋಬ ತನ್ನ ವಾದವನ್ನು ಟಿಪ್ಪಣಿ ಹಾಳೆಯ ಮೇಲೆ ಬರೆದು ಮರಿಸ್ವಾಮಿಯವರಿಗೆ ಕಳಿಸಿದ. ಸರ್ಕಾರಿ ಹಾಳೆ ಕಂಡ ಕೂಡಲೇ ಅವನ ಕೈ ತನ್ನಷ್ಟಕ್ಕೆ ತಾನೇ 'ವಿಷಯ', 'ಉಲ್ಲೇಖ', 'ಪ್ಯಾರಾ ೧' ಎಂದು ಬರೆಯಿತು. ಮರಿಸ್ವಾಮಿ 'ಪ್ಯಾರಾ ೨ನ್ನು ಒಪ್ಪಲಾಗದು' ಎಂದು ಷರಾ ಬರೆದು ಹಿಂದಿರುಗಿಸಿದರು. ಇಬ್ಬರ ಮೇಜುಗಳ ನಡುವೆ ಎಂಟು ಅಡಿ ಅಂತರವಿತ್ತು. ಆದರೆ ಕಾಗದವನ್ನು ಜವಾನನೇ ಒಯ್ಯಬೇಕು ಎಂಬುದು ಕಚೇರಿಯ ಶಿಸ್ತು. ತಾಯಣ್ಣ ಆ ಮಧ್ಯಾಹ್ನ ಜಗತ್ತಿನ ಹತ್ಯಾಕಾಂಡಗಳನ್ನು ಹೊತ್ತು ಮೂವತ್ತೊಂದು ಸಲ ಓಡಾಡಿದ. ಏಳನೇ ಇಯತ್ತೆ ಪಾಸಾದ ಅವನಿಗೆ ಓದಲು ಬರುತ್ತಿತ್ತು. ಓದಿ ಏನನ್ನಿಸಿತು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸಂಜೆಗೆ ಹಾಳೆ ವಲಿ ಪಾಷಾ ಅವರ ಟ್ರೇಯಲ್ಲಿ ಬಿತ್ತು. ಹೇಗೆ ಬಿತ್ತೆಂದು ಯಾರೂ ಒಪ್ಪಿಕೊಂಡಿಲ್ಲ. ವಲಿ ಪಾಷಾ ನಿಮಿಷಕ್ಕೆ ನಲವತ್ತು ಪದ ಹೊಡೆಯುತ್ತಿದ್ದರು. ಆ ವೇಗದ ಗುಟ್ಟೆಂದರೆ ಅವರು ಏನನ್ನೂ ಓದುತ್ತಿರಲಿಲ್ಲ. ಟೈಪಾದ ಪತ್ರಕ್ಕೆ ಸಾಹೇಬರು ಸಹಿ ಹಾಕಿದರು. ಅವರೂ ವೇಗಕ್ಕೆ ಹೆಸರಾದವರೇ. ರವಾನೆ ಸಂಖ್ಯೆ ೧೧೪೭ ಬಿದ್ದು, ಖಾಕಿ ಲಕೋಟೆ ಮರುದಿನ ಬೆಳಗಿನ ಟಪಾಲಿನಲ್ಲಿ ರಾಯಚೂರಿಗೆ ಹೋಯಿತು.

ಹನ್ನೊಂದನೇ ದಿನಕ್ಕೆ ಉತ್ತರ ಬಂತು. ವೆಂಕೋಬ ಓದಿದ. ಓದುತ್ತ ಅವನ ಜೇಬಿನ ಎರಡು ಪೆನ್ನುಗಳಲ್ಲಿ ಒಂದು ಕೆಳಗೆ ಬಿತ್ತು.

'ತಮ್ಮ ಪತ್ರದಲ್ಲಿ ವರದಿಯಾದ ಹತ್ಯಾಕಾಂಡಗಳ ಬಗ್ಗೆ ಕೆಳಕಂಡ ನ್ಯೂನತೆಗಳು ಕಂಡುಬಂದಿವೆ. ಒಂದು: ಘಟನೆ ನಡೆದ ಗ್ರಾಮ, ಹೋಬಳಿ, ಸರ್ವೇ ನಂಬರು ನಮೂದಿಸಿಲ್ಲ. ಎರಡು: ಹೊಣೆ ಧರ್ಮದ್ದೋ ಧರ್ಮದ ಅಭಾವದ್ದೋ ಎಂದು ಸ್ಪಷ್ಟವಾಗಿ ನಿಗದಿಪಡಿಸಿಲ್ಲ. ಮೂರು: ಹಿಟ್ಲರ್ ಮತ್ತಿತರರ ತಂದೆಯ ಹೆಸರು ಹಾಗೂ ಹಾಲಿ ವಿಳಾಸ ಇಲ್ಲ. ನಾಲ್ಕು: ಕೆಲವು ಘಟನೆಗಳು ಏಳುನೂರು ವರ್ಷ ಹಳೆಯವೆಂದು ತೋರುತ್ತದೆ. ಇಷ್ಟು ವಿಳಂಬಕ್ಕೆ ಸಂಬಂಧಪಟ್ಟ ಗುಮಾಸ್ತನಿಂದ ವಿವರಣೆ ಪಡೆದು ಏಳು ದಿನದೊಳಗೆ ಕಳಿಸತಕ್ಕದ್ದು.'

"ಚ್ಯಾಷ್ಟಿ ಮಾಡಿದ್ವಿ ಅಂತ ಬರದುಬಿಡೋಣೇನ್ರಿ?" ಎಂದ ವೆಂಕೋಬ.

ಮರಿಸ್ವಾಮಿ ಅವನನ್ನು ಎಳೆಮಗುವನ್ನು ನೋಡುವಂತೆ ನೋಡಿದರು. "ಸರ್ಕಾರಿ ಹಾಳಿ ಮ್ಯಾಲ ಚ್ಯಾಷ್ಟಿ ಮಾಡಿದ್ವಿ ಅಂತ ಬರದ್ರ ಸಸ್ಪೆಂಡ್ ಆಗತೀವಿ. ಹತ್ಯಾಕಾಂಡ ಆಗಿದ್ದು ಖರೇ ಅಂತ ಬರದ್ರ ಏನೂ ಆಗಂಗಿಲ್ಲ."

ವೆಂಕೋಬ ರಾತ್ರಿಯೆಲ್ಲ ಯೋಚಿಸಿ ವಿವರಣೆ ಬರೆದ: 'ಸದರಿ ಘಟನೆಗಳು ನಡೆದಾಗ ನಾನು ಸೇವೆಗೆ ಸೇರಿರಲಿಲ್ಲ.'

ಈ ಒಂದು ಸಾಲು ಕಚೇರಿಯಿಂದ ಹೊರಬಿದ್ದು ಬಸ್ಸು ಹತ್ತಿತು. ಸಿರವಾರದಲ್ಲಿ ಬಸ್ಸು ಬದಲಿಸುವಾಗ ಸ್ವಲ್ಪ ಉಬ್ಬಿ, ದೇವದುರ್ಗದಲ್ಲಿ ಇಳಿಯುವಾಗ ಸಾಕಷ್ಟು ಬೆಳೆದಿತ್ತು. ಆ ಶನಿವಾರ ವೆಂಕೋಬ ಮನೆಗೆ ಹೋದಾಗ ಅತ್ತೆ ಕನಕಮ್ಮ ಕಟ್ಟೆಯ ಮೇಲೆ ಐದಾರು ಹೆಂಗಸರ ನಡುವೆ ಕೂತಿದ್ದರು. ಅಳಿಯನನ್ನು ಕಂಡದ್ದೇ ಎದ್ದು ನಿಂತರು.

"ಏನಪಾ, ಲಕ್ಷಗಟ್ಲೆ ಜನರನ್ನ ಕೊಂದಿದ್ದು ನಿನ್ನ ಮ್ಯಾಲ ಬಂದದಂತಲ್ಲ?"

"ಅತ್ತೀ, ನಾ ಯಾರನ್ನೂ ಕೊಂದಿಲ್ರಿ..."

"ಅದನ್ನ ನಾ ಹೇಳಾಕತ್ತೀನಿ ಇವರಿಗಿ! ಹೋದ ವಾರ ಬಚ್ಚಲದಾಗ ಚೇಳು ಬಂದ್ರ ಈ ನನ್ನ ಅಳಿಯ ಮಂಚದ ಮ್ಯಾಲ ಹತ್ತಿ ನಿಂತಿದ್ದ. ಚೇಳು ಹೊಡದಾಕಿ ನಾನು. ಈಂವ ಲಕ್ಷ ಮಂದಿನ ಎಲ್ಲಿಂದ ಕೊಲ್ಲತಾನಬೇ?"

ಅತ್ತೆ ತನ್ನ ಪರವಾಗಿ ಸಾಕ್ಷಿ ಹೇಳಿದ್ದಕ್ಕೆ ಸಂತೋಷಪಡಬೇಕೋ ಬೇಡವೋ ವೆಂಕೋಬನಿಗೆ ತಿಳಿಯಲಿಲ್ಲ. ಬಸ್ಸಮ್ಮ ಒಳಗಿನಿಂದ ನೀರಿನ ತಂಬಿಗೆ ತಂದಳು.

"ನಿಮಗ ವರ್ಗ ಸಿಗಲಿ ಅಂತ ನಾ ಎಲ್ಲಾ ದೇವರಿಗಿ ಹರಕಿ ಹೊತ್ತೀನಿ. ನೀವು ಅಲ್ಲಿ ಕುಂತು ಆ ದೇವರ ಮ್ಯಾಲನ ಅರ್ಜಿ ಬರಿಯಾಕತ್ತೀರಿ?"

"ಅರ್ಜಿ ಅಲ್ಲಬೇ, ಟಿಪ್ಪಣಿ."

"ಬಸ್ ಮಾಮಾ ಬಂದ!" ಎಂದು ಮಗಳು ಓಡಿ ಬಂದಳು.

ಮಾನ್ವಿಗೆ ವಾಪಸಾದಾಗ ರಾಯಚೂರಿನಿಂದ ಎರಡು ಕಾಗದ ಬಂದಿದ್ದವು. ಮೊದಲನೆಯದನ್ನು ಓದಿ ವೆಂಕೋಬ ಕುರ್ಚಿಯಿಂದ ಜಿಗಿದ. ಅವನ ನಾಲ್ಕನೇ ಅರ್ಜಿ ಮಂಜೂರಾಗಿತ್ತು, ದೇವದುರ್ಗಕ್ಕೆ ವರ್ಗ! ಷರತ್ತು ಒಂದೇ: 'ತನ್ನ ಬಳಿ ಬಾಕಿ ಇರುವ ಎಲ್ಲ ಕಡತಗಳನ್ನು ವಿಲೇವಾರಿ ಮಾಡಿದ ನಂತರ ಬಿಡುಗಡೆ.' ಅವನ ಬಳಿ ಬಾಕಿ ಇದ್ದ ಕಡತ ಒಂದೇ ಒಂದು. ಎರಡನೇ ಕಾಗದ ಅದರ ಬಗ್ಗೆಯೇ ಇತ್ತು: 'ಸ್ಥಳೀಯ ಪಂಚರ ಹೇಳಿಕೆ ಪಡೆದು ಹೊಣೆ ನಿಗದಿಪಡಿಸುವುದು. ವಿಚಾರಣಾಧಿಕಾರಿ ರಾಮಲಿಂಗಪ್ಪನವರು ಖುದ್ದಾಗಿ ಬರಲಿದ್ದಾರೆ.'

ಹೀಗಾಗಿ ದೇವರೋ ದೇವರ ಗೈರುಹಾಜರಿಯೋ ಎಂಬ ಪ್ರಶ್ನೆ ಹಿಡಿದು ವೆಂಕೋಬ ಮನೆ ಮನೆ ತಿರುಗಿದ. ಮೊದಲು ತಾನಿದ್ದ ಮನೆಯ ಒಡತಿ ಖಾಸಿಂ ಬೀಯವರನ್ನು ಕೇಳಿದ. ಎಪ್ಪತ್ತು ವರ್ಷದ ಮುದುಕಿ ಸಜ್ಜೆ ಕೇರುತ್ತಿದ್ದರು.

"ಖೂನ್ ಯಾತಕ್ಕ ಆಗತಾವ ಅಂತಿ ಏನ್ ಬೇಟಾ? ಕೇಳು. ರಜಾಕಾರರು ಬಂದಾಗ ಮರಿಸ್ವಾಮಿ ಅಪ್ಪನ್ನ ನಮ್ಮಪ್ಪ ಜ್ವಾಳದ ಹಗೇವಿನಾಗ ಇಳಿಸಿ ಮ್ಯಾಲ ಕಲ್ಲು ಮುಚ್ಚಿದ. ಮುಂದ ಮಿಲಿಟ್ರಿ ಬಂತು, ನಮ್ಮ ಮಂದಿನ ಹುಡುಕಾಕತ್ತು. ಆವಾಗ ಮರಿಸ್ವಾಮಿ ಅಪ್ಪ ನಮ್ಮಪ್ಪನ್ನ ಅದ ಹಗೇವಿನಾಗ ಇಳಿಸಿದ."

"ಆ ಹಗೇವಿನಾಗ ಧರ್ಮ ಇತ್ತು ಅಂತ ಬರೀಲ್ಯಾ, ಇರಲಿಲ್ಲ ಅಂತ ಬರೀಲ್ಯಾ?"

ಖಾಸಿಂ ಬೀ ಮೊರ ಕೆಳಗಿಟ್ಟು ಯೋಚಿಸಿದರು. "ಧರ್ಮ ಇತ್ತೋ ಇಲ್ಲೋ ನಂಗೊತ್ತಿಲ್ಲ. ಗಾಳಿ ಇರಲಿಲ್ಲಂತ. ಇಬ್ಬರೂ ಅದನ್ನ ಹೇಳತಿದ್ರು."

ವೆಂಕೋಬ 'ಸಾಕ್ಷಿಯು ಗಾಳಿಯ ಅಭಾವವನ್ನು ದೂರುತ್ತಾರೆ' ಎಂದು ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಂಡ.

ಉಳಿದವರ ಹೇಳಿಕೆಗಳೂ ಇದೇ ದಾರಿ ಹಿಡಿದವು. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು, ಹೊಣೆಯೆಲ್ಲ ಗಿರಣಿಯ ಲೈಸೆನ್ಸು ಕೊಡದ ಅಧಿಕಾರಿಗಳದ್ದು ಎಂದರು. ದೊಡ್ಡಪ್ಪನು, ತನ್ನ ಹೋಟೆಲಿನಲ್ಲಿ ಧರ್ಮವೂ ಇದೆ, ಬೇಕಾದವರಿಗೆ ಧರ್ಮ ಇಲ್ಲದೆಯೂ ಚಹಾ ಸಿಗುತ್ತದೆ, ತನ್ನನ್ನು ಇದರಲ್ಲಿ ಎಳೆಯಬಾರದು ಎಂದ. ಹತ್ತು ಹೇಳಿಕೆಗಳಲ್ಲಿ ಹತ್ತು ಬೇರೆ ಬೇರೆ ಹೊಣೆಗಾರರು ಸಿಕ್ಕರು. ಒಂದು ವಿಷಯದಲ್ಲಿ ಮಾತ್ರ ಒಮ್ಮತವಿತ್ತು: ಹೇಳಿಕೆ ಕೊಟ್ಟವನು ಯಾವುದರಲ್ಲೂ ಇರಲಿಲ್ಲ.

ರಾಮಲಿಂಗಪ್ಪನವರು ಒಂದು ಬುಧವಾರ ಜೀಪಿನಿಂದ ಇಳಿದರು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಅವರಿಗಿದ್ದ ಒಂದೇ ದುರ್ಬಲತೆಯೆಂದರೆ ನಮೂನೆಯ ಯಾವ ಕಾಲಮ್ಮನ್ನೂ ಖಾಲಿ ಬಿಡಲು ಆಗುತ್ತಿರಲಿಲ್ಲ. ಒಮ್ಮೆ ಒಂದು ಬಾವಿಯ ವಿಚಾರಣೆಯಲ್ಲಿ 'ಲಿಂಗ' ಎಂಬ ಕಾಲಮ್ಮಿಗಾಗಿ ಎರಡು ದಿನ ಕೂತಿದ್ದರಂತೆ.

"ಈ ವಿಷಯ ಮೊದಲು ಎಲ್ಲಿ ಶುರುವಾಯ್ತು?"

"ದೊಡ್ಡಪ್ಪನ ಹೋಟ್ಲದಾಗ್ರಿ ಸಾಹೇಬ್ರ," ಎಂದರು ಮರಿಸ್ವಾಮಿ, ಕಚೇರಿಯನ್ನು ಪಾರು ಮಾಡಿದ ಹುರುಪಿನಲ್ಲಿ.

"ಹಾಗಾದರೆ ಅದೇ ಸ್ಥಳ. ಪಂಚನಾಮೆ ಅಲ್ಲೇ ಆಗಬೇಕು. ನಡೀರಿ."

ದೊಡ್ಡಪ್ಪ ಗಾಬರಿಯಾಗಿ ಒಲೆಗೆ ಇನ್ನೆರಡು ಕಟ್ಟಿಗೆ ತುರುಕಿದ. ರಾಮಲಿಂಗಪ್ಪನವರಿಗೆ ಒಳಗಿನ ಬೆಂಚಿನಲ್ಲಿ ಟವೆಲು ಹಾಸಿ, ಹೊಸ ಗಾಜಿನ ಗ್ಲಾಸಿನಲ್ಲಿ ಚಹಾ ಕೊಟ್ಟ. ಅವರು ಚಹಾ ಮುಟ್ಟದೆ, ಸ್ಥಳದಲ್ಲಿ ಕಂಡ ವಸ್ತುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ವೆಂಕೋಬ ಬರೆದುಕೊಂಡ.

"ಬೆಂಚು ಎರಡು. ಒಲೆ ಒಂದು. ದೇವರ ಪಟ ಮೂರು. ಗಾಜಿನ ಗ್ಲಾಸು ಹದಿನಾರು." ಅವರು ಎದ್ದು ಬಾಗಿಲಾಚೆ ಹೋದರು. "ಅಲ್ಯುಮಿನಿಯಂ ಗ್ಲಾಸು, ನೆಗ್ಗಿದ್ದು, ಒಂದು. ಹೊರಗೆ." ತುಸು ತಡೆದು ಕೇಳಿದರು: "ಇದು ಹೊರಗೆ ಯಾಕೆ?"

ಒಲೆಯ ಮೇಲೆ ಹಾಲು ಉಕ್ಕಿತು, ದೊಡ್ಡಪ್ಪ ಅದನ್ನು ಇಳಿಸಲಿಲ್ಲ. ಮೂರು ತಿಂಗಳು ಏಳುನೂರು ವರ್ಷಗಳ ಬಗ್ಗೆ ಬಿಡದೆ ಮಾತಾಡಿದ ಇಬ್ಬರಲ್ಲಿ ಒಬ್ಬರು ದೇವರ ಪಟ ನೋಡಿದರು, ಇನ್ನೊಬ್ಬ ತನ್ನ ಪೆನ್ನು ನೋಡಿದ.

"ಕಾಲಮ್ ಅದೆ," ಎಂದರು ರಾಮಲಿಂಗಪ್ಪ ಮೃದುವಾಗಿ. "'ವಸ್ತು ಆ ಜಾಗದಲ್ಲಿ ಇರಲು ಕಾರಣ.' ಖಾಲಿ ಬಿಡೋ ಹಾಗಿಲ್ಲ."

"ನಮ್ಮಪ್ಪನ ಕಾಲದಿಂದ ಅಲ್ಲೇ ಅದ್ರಿ," ಎಂದ ದೊಡ್ಡಪ್ಪ. "ನಾ ಇಟ್ಟಿಲ್ರಿ. ನಾ ಮುಟ್ಟೇ ಇಲ್ರಿ."

"ಧರ್ಮದಾಗ ಹಿಂಗ ಇಲ್ರಿ," ಎಂದರು ಮರಿಸ್ವಾಮಿ. "ಶರಣರು ಇದನ್ನ ಒಪ್ಪಿಲ್ಲ."

"ವೈಚಾರಿಕವಾಗಿ ನೋಡಿದ್ರ..." ಎಂದು ಶುರು ಮಾಡಿದ ವೆಂಕೋಬನಿಗೆ ಮುಂದಿನ ಪದ ಸಿಗಲಿಲ್ಲ. ಗೆದ್ದಲು ತಿಂದ ಭಾಗದಲ್ಲಿ ಇದ್ದಿರಬೇಕು.

"ಇದರಲ್ಲಿ ಕುಡಿಯುವವರು ಯಾರು?"

"ನಾನ್ರಿ," ಎಂದ ತಾಯಣ್ಣ. ಅವನು ಸಾಹೇಬರ ಚೀಲ ಹಿಡಿದು ಬಿಸಿಲಲ್ಲಿ ನಿಂತಿದ್ದ.

ರಾಮಲಿಂಗಪ್ಪನವರು ಅವನನ್ನು ಇನ್ನೇನೂ ಕೇಳಲಿಲ್ಲ. ಅವರು ಯಾವ ಊರಿನವರು, ಯಾವ ಓಣಿಯಲ್ಲಿ ಬೆಳೆದವರು ಎಂದು ಮಾನ್ವಿಯಲ್ಲೂ ಯಾರೂ ಕೇಳಿರಲಿಲ್ಲ. ಸಾಹೇಬರನ್ನು ಕೇಳುವ ಪದ್ಧತಿ ಇಲ್ಲ. ಅವರು ನಮೂನೆಯ ಕೊನೆಯ ಸಾಲಿಗೆ ಬೆರಳಿಟ್ಟರು: 'ಜಪ್ತಿ ಮಾಡಿದ ವಸ್ತುಗಳು.' ಅದೂ ಖಾಲಿ ಇತ್ತು.

ಐದು ನಿಮಿಷದಲ್ಲಿ ಅಲ್ಯುಮಿನಿಯಂ ಗ್ಲಾಸು ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು, ಮೈತುಂಬ ಅರಗಿನ ಮುದ್ರೆ ಒತ್ತಿಸಿಕೊಂಡು, ಜೀಪಿನ ಮುಂದಿನ ಸೀಟಿನಲ್ಲಿ ಕೂತು ರಾಯಚೂರಿಗೆ ಹೊರಟಿತು. ತಾಯಣ್ಣ ಎಂದೂ ಯಾವ ಜೀಪಿನಲ್ಲೂ ಅಷ್ಟು ಮುಂದೆ ಕೂತಿರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ತಾಯಣ್ಣ ಚಹಾಕ್ಕೆ ಬಂದ. ಗೂಡು ಖಾಲಿ. ದೊಡ್ಡಪ್ಪ ಗೂಡು ನೋಡಿದ, ತಾಯಣ್ಣನನ್ನು ನೋಡಿದ, ಎದುರಿನ ಕಚೇರಿಯನ್ನು ನೋಡಿದ. ಇನ್ನೊಂದು ಗ್ಲಾಸು ತಂದು ಗೂಡಿನಲ್ಲಿಡೋಣವೆಂದರೆ, ಜಪ್ತಿಯಾದ ಜಾಗದಲ್ಲಿ ಅದೇ ವಸ್ತು ಮತ್ತೆ ಕಂಡರೆ ಏನು ಕೇಸಾಗುತ್ತದೋ! ಕೊನೆಗೆ ಗಾಜಿನ ಗ್ಲಾಸಿನಲ್ಲಿ ಚಹಾ ಹೊಯ್ದು, ಮುಖ ತಿರುಗಿಸಿ, ಕೈ ಚಾಚಿದ. ತಾಯಣ್ಣ ಕುಡಿದು, ತೊಳೆದು ಕಟ್ಟೆಯ ಮೇಲಿಟ್ಟ. ಗಿರಾಕಿಗಳ ಗದ್ದಲದಲ್ಲಿ ದೊಡ್ಡಪ್ಪ ಅದನ್ನು ಬೇರೆ ಇಡಲು ಮರೆತ. ನೆನಪಾಗುವ ಹೊತ್ತಿಗೆ ಹದಿನಾರೂ ಒಂದೇ ಬಕೀಟಿನಲ್ಲಿ ಮುಳುಗಿ ಎದ್ದಿದ್ದವು.

ಮಧ್ಯಾಹ್ನ ಮರಿಸ್ವಾಮಿ ತಮ್ಮ ಗ್ಲಾಸನ್ನು ಬೆಳಕಿಗೆ ಹಿಡಿದರು. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು.

"ಮರಿಸ್ವಾಮಿಯೋರ, ಅದರ ಮ್ಯಾಲ ಹೆಸರು ಬರದಿರಂಗಿಲ್ರಿ," ಎಂದರು ವಲಿ ಪಾಷಾ.

ಮರಿಸ್ವಾಮಿ ಅಂದಿನಿಂದ ಹೊಟ್ಟೆ ಸರಿಯಿಲ್ಲವೆಂದು ಚಹಾ ಬಿಟ್ಟರು. ಎರಡನೇ ದಿನ ತಲೆನೋವು ಬಂತು. ಮೂರನೇ ದಿನ ಎರಡು ಕಡತಗಳ ಮೇಲೆ ತಪ್ಪು ಷರಾ ಬರೆದರು. ನಾಲ್ಕನೇ ದಿನ ಕಾರಣವಿಲ್ಲದೆ ಸಾಹೇಬರ ಮೇಲೆಯೇ ರೇಗಿದರು. ಐದನೇ ದಿನ ಹೋಟೆಲಿಗೆ ಬಂದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಎರಡು ಗ್ಲಾಸು ಕುಡಿದು, "ಶಿವಾ!" ಎಂದು ನಿಟ್ಟುಸಿರು ಬಿಟ್ಟರು. ಆಕಾಶ ಬೀಳಲಿಲ್ಲ. ತಲೆನೋವು ಹೋಯಿತು.

ಅಷ್ಟರಲ್ಲಿ ರಾಯಚೂರಿನಿಂದ ಕೊನೆಯ ಪತ್ರ ಬಂತು. 'ಹೊಣೆಗಾರರನ್ನು ಮೂರು ದಿನದಲ್ಲಿ ನಿಗದಿಪಡಿಸುವುದು. ಯಾರೂ ಹೊಣೆಗಾರರಲ್ಲವಾದರೆ ಹಾಗೆಂದು ಬರೆದು ಕಡತ ಮುಕ್ತಾಯಗೊಳಿಸುವುದು. ಆಗ ಜಪ್ತಿ ಮಾಡಿದ ಗ್ಲಾಸನ್ನು ಮೊದಲಿದ್ದ ಜಾಗದಲ್ಲೇ ಯಥಾಸ್ಥಿತಿ ಇಡಲು ಹಿಂದಿರುಗಿಸಲಾಗುವುದು.'

"'ಯಾರೂ ಅಲ್ಲ' ಅಂತ ಬರದುಬಿಡು," ಎಂದರು ಮರಿಸ್ವಾಮಿ. "ಧರ್ಮದ್ದೂ ತಪ್ಪಿಲ್ಲ."

"ಧರ್ಮ ಇಲ್ಲದ್ದೂ ತಪ್ಪಿಲ್ಲ," ಎಂದ ವೆಂಕೋಬ.

ಇತಿಹಾಸದಲ್ಲಿ ಆಸ್ತಿಕರೂ ನಾಸ್ತಿಕರೂ ಹೀಗೆ ಎರಡು ವಾಕ್ಯದಲ್ಲಿ ರಾಜಿಯಾದ ಉದಾಹರಣೆ ಬೇರೆ ಇರಲಾರದು. ವೆಂಕೋಬ ಹಾಳೆ ಎಳೆದುಕೊಂಡು 'ಯಾರೂ ಹೊಣೆಗಾರರಲ್ಲ' ಎಂದು ಬರೆದ. ಇನ್ನು ಸಹಿಯೊಂದೇ ಬಾಕಿ. ಶನಿವಾರದ ಬಸ್ಸಿಗೆ ಟ್ರಂಕು ಸಮೇತ ಹತ್ತಿದರೆ ಆಯಿತು. ಬಸ್ಸಮ್ಮನಿಗೆ ಆಗಲೇ ಕಾಗದ ಹಾಕಿದ್ದ, ಅವಳು ಎರಡು ಕೋಣೆಯ ಬಾಡಿಗೆ ಮನೆಯನ್ನೂ ನೋಡಿಟ್ಟಿದ್ದಳು.

ಹಾಳೆ ಒಯ್ಯಲು ತಾಯಣ್ಣ ಪಕ್ಕದಲ್ಲಿ ನಿಂತಿದ್ದ.

"ತಾಯಣ್ಣ, ನೀ ಏನಂತಿ?" ಎಂದು ವೆಂಕೋಬ ಕೇಳಿದ.

ಹನ್ನೆರಡು ವರ್ಷದಲ್ಲಿ ಆ ಕಚೇರಿಯಲ್ಲಿ ಅವನಿಗೆ ಯಾರೂ ಹಾಕದ ಪ್ರಶ್ನೆ ಅದು. ಅವನು ತುಸು ಹಿಂದೆ ಸರಿದ.

"ನಾ ಏನನ್ಲಿರಿ? ನೀವು ಬರದಿದ್ದು ಒಯ್ಯಾಂವ ನಾ."

"ಗ್ಲಾಸ್ ವಾಪಸ್ ಬರತದ."

"ಬರ್ಲಿರಿ. ಗೂಡು ಹಂಗ ಅದ. ದೊಡ್ಡಪ್ಪನೋರು ದಿನಾ ಮುಂಜಾನೆ ಅದರಾಗಿನ ಧೂಳ ಒರಸತಾರ."

ವೆಂಕೋಬ ಒಂದು ಪೆನ್ನಿನ ಮುಚ್ಚಳ ಹಾಕಿದ, ಇನ್ನೊಂದರದು ತೆಗೆದ. ಕಿಟಕಿಯಾಚೆ ದೊಡ್ಡಪ್ಪನ ಗೂಡು ಕಾಣುತ್ತಿತ್ತು. ಎಂಟು ವರ್ಷದಿಂದ ಅವನ ಕುರ್ಚಿ ಇದ್ದದ್ದು ಆ ಕಿಟಕಿಯ ಎದುರಿಗೇ. ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದು, ಕೆಳಗೆ ಬರೆದ: 'ಹೊಣೆಗಾರ: ವೆಂಕೋಬ, ಎರಡನೇ ದರ್ಜೆ ಗುಮಾಸ್ತ. ಎಂಟು ವರ್ಷ ಒಳಗೆ ಕೂತು ಚಹಾ ಕುಡಿದಿದ್ದೇನೆ.'

ಮರಿಸ್ವಾಮಿ ಓದಿ ಎದ್ದೇ ನಿಂತರು. "ಲೇ, ಹುಚ್ಚ ಹಿಡದದೇನು? ಜಗತ್ತಿನ ಹತ್ಯಾಕಾಂಡಕ್ಕ ನೀ ಹೊಣೀನಾ? ವರ್ಗ ರದ್ದಾಗತದ, ಸಂಸಾರ ಬಸ್‌ಸ್ಟ್ಯಾಂಡಿನಾಗ ಉಳೀತದ!"

"ಹಿಟ್ಲರ್‌ಗಿ ನಾ ಹೊಣಿ ಅಲ್ರಿ. ಇದಕ್ಕ ಹೌದು. ಕಾಲಮ್ ಒಂದ ಅದ, ಏನ್ ಮಾಡ್ಲಿ?"

ಮರಿಸ್ವಾಮಿ ಕೂತರು. ಹಾಳೆಯನ್ನು ಮತ್ತೊಮ್ಮೆ ಓದಿದರು. ಅವರ ಹಣೆಯ ಮೂರು ಗೆರೆಗಳ ನಡುವೆ ನಾಲ್ಕನೆಯದೊಂದು ಮೂಡಿತು. ಆಮೇಲೆ ಕೆಂಪು ಮಸಿಯಲ್ಲಿ ಷರಾ ಬರೆದರು: 'ಸದರಿ ಗುಮಾಸ್ತ ಎಂಟು ವರ್ಷ ಮಾತ್ರ ಕುಡಿದಿರುತ್ತಾನೆ. ನಾನು ಹನ್ನೆರಡು ವರ್ಷ. ಸೇವಾ ಜ್ಯೇಷ್ಠತೆಯ ಪ್ರಕಾರ ನನ್ನ ಹೆಸರು ಮೊದಲು ಬರತಕ್ಕದ್ದು.'

ವಲಿ ಪಾಷಾ ಆ ಹಾಳೆಯನ್ನು ಟೈಪು ಮಾಡಿದರು. ಅಂದು ಮಾತ್ರ ಅವರ ಮಿಷನ್ನು ನಿಮಿಷಕ್ಕೆ ಹತ್ತು ಪದ ಓಡಿತು. ಮುಗಿಸಿ, ಕೆಳಗೆ ತಮ್ಮದೂ ಒಂದು ಸಾಲು ಸೇರಿಸಿದರು: 'ಟೈಪು ಮಾಡಿದವನು: ಸದರಿ ಕಾರಣಕ್ಕೆ ಅವನೂ ಹೊಣೆಗಾರ.'

ತಿಂಗಳೊಪ್ಪತ್ತಿಗೆ ಆದೇಶ ಬಂತು. ಮರಿಸ್ವಾಮಿಯವರಿಗೆ ಅವರ ಜ್ಯೇಷ್ಠತೆಯನ್ನು ಮಾನ್ಯ ಮಾಡಿ ಲಿಖಿತ ಎಚ್ಚರಿಕೆ. ಇಪ್ಪತ್ತು ವರ್ಷದ ಸೇವೆಯಲ್ಲಿ ಯಾರಾದರೂ ಅವರ ಜ್ಯೇಷ್ಠತೆಯನ್ನು ಬರಹದಲ್ಲಿ ಒಪ್ಪಿದ್ದು ಅದೇ ಮೊದಲಾದ್ದರಿಂದ ಅವರು ಆ ಕಾಗದವನ್ನು ಜೋಪಾನವಾಗಿ ಎತ್ತಿಟ್ಟರು. ವಲಿ ಪಾಷಾರಿಗೆ, ಇನ್ನು ಮುಂದೆ ಟೈಪು ಮಾಡುವ ಮುನ್ನ ಓದಬಾರದೆಂದು ಸೂಚನೆ. ವೆಂಕೋಬನ ಹೆಸರಿನ ಮುಂದೆ ಹೀಗಿತ್ತು: 'ಸ್ವಂತ ಕೋರಿಕೆಯ ವರ್ಗಾವಣೆ ರದ್ದು. ಶಿಕ್ಷೆಯ ರೂಪದಲ್ಲಿ ದೂರದ ತಾಲೂಕಿಗೆ, ಅಂದರೆ ದೇವದುರ್ಗಕ್ಕೆ, ಇಪ್ಪತ್ನಾಲ್ಕು ತಾಸಿನೊಳಗೆ ವರ್ಗ.'

ಕೊನೆಗೆ ಎರಡು ಸಾಲು: 'ಜಪ್ತಿ ಮಾಡಿದ ವಸ್ತುವನ್ನು ಹೊಣೆಗಾರರ ವಶಕ್ಕೆ ಕೊಡುವುದು. ಚಂಗೀಜ್ ಖಾನ್ ವಿಷಯ ಬಾಕಿ ಇಡಲಾಗಿದೆ.' ಸಹಿಯನ್ನು ಯಾರಿಗೂ ಓದಲು ಬರಲಿಲ್ಲ. ಅಕ್ಷರ ಮಾತ್ರ ರಾಮಲಿಂಗಪ್ಪನವರದೆಂದು ತಾಯಣ್ಣ ಹೇಳಿದ.

ವೆಂಕೋಬ ಟ್ರಂಕು, ಹಾಸಿಗೆ, ಅರಗಿನ ಮುದ್ರೆಯ ಗ್ಲಾಸಿನೊಂದಿಗೆ ದೇವದುರ್ಗಕ್ಕೆ ಹೋದ. ಅವನಿಗೆ ಶಿಕ್ಷೆಯಾದ ಸುದ್ದಿ ಕೇಳಿ ಬಸ್ಸಮ್ಮ ಐದು ದೇವರಿಗೆ ತೆಂಗಿನಕಾಯಿ ಒಡೆದಳು. ಮನೆಯಲ್ಲಿ ಒಳ್ಳೆಯ ಗ್ಲಾಸುಗಳಿದ್ದರೂ ಗಂಡ ದಿನಾ ಬೆಳಿಗ್ಗೆ ನೆಗ್ಗಿದ ಅಲ್ಯುಮಿನಿಯಂ ಗ್ಲಾಸಿನಲ್ಲೇ ಚಹಾ ಕುಡಿಯುವುದನ್ನು ನೋಡಿ, ಇದೂ ಶಿಕ್ಷೆಯ ಭಾಗವಿರಬೇಕೆಂದು ಸುಮ್ಮನಾದಳು. ಮಗಳು ಮಾತ್ರ ಅವನನ್ನು ಇನ್ನೂ 'ಬಸ್ ಮಾಮಾ' ಎನ್ನುತ್ತಿದ್ದಳು. ಆದರೆ ಸೋಮವಾರ ಬೆಳಿಗ್ಗೆ ಅವನು ಇನ್ನೂ ಮನೆಯಲ್ಲೇ ಇರುವುದನ್ನು ಕಂಡು ಮೂರು ವಾರ ಕಂಗಾಲಾಗಿ, ನಾಲ್ಕನೇ ವಾರಕ್ಕೆ ಒಪ್ಪಿಕೊಂಡಳು.

ಮುಂದಿನ ಮಳೆಗಾಲದಲ್ಲಿ ತಾಯಣ್ಣ ಟಪಾಲು ಹಿಡಿದು ದೇವದುರ್ಗಕ್ಕೆ ಬಂದ. ವೆಂಕೋಬ ಅವನನ್ನು ಮನೆಗೆ ಎಳೆದುಕೊಂಡು ಹೋಗಿ, ಪಡಸಾಲೆಯ ಚಾಪೆಯ ಮೇಲೆ ಪಕ್ಕದಲ್ಲೇ ಕೂಡಿಸಿಕೊಂಡ.

"ದೊಡ್ಡಪ್ಪನ ಹೋಟ್ಲ ಹ್ಯಾಂಗದ?"

"ಗೂಡಿನಾಗ ಈಗ ಕಡ್ಡಿಪೆಟಗಿ ಇಡತಾರ್ರಿ. ನನಗ ಗಾಜಿನ ಗ್ಲಾಸಿನಾಗ ಕೊಡತಾರ. ನಿಂತ ಕುಡೀತೀನಿ."

"ಬೆಂಚಿನ ಮ್ಯಾಲ ಯಾಕ ಕುಂದರಂಗಿಲ್ಲ?"

"ಅದಕ್ಕ ಇನ್ನೊಂದು ಫೈಲ್ ಆಗಬೇಕಲ್ರಿ," ಎಂದ ತಾಯಣ್ಣ.

ಬಸ್ಸಮ್ಮ ಚಹಾ ತಂದಳು. ತಾಯಣ್ಣನಿಗೆ ಹೂವಿನ ಚಿತ್ರದ ಹೊಸ ಕಪ್ಪು, ಗಂಡನಿಗೆ ಆ ಅಲ್ಯುಮಿನಿಯಂ ಗ್ಲಾಸು. ವೆಂಕೋಬ ಗ್ಲಾಸು ಹಿಡಿದು, ಬೆರಳು ಸುಟ್ಟುಕೊಂಡು, ಊದುತ್ತ, ಈ ಕೈಯಿಂದ ಆ ಕೈಗೆ ಬದಲಿಸುತ್ತ ಕೂತ. ತಾಯಣ್ಣ ಗ್ಲಾಸಿನ ನೆಗ್ಗು ನೋಡಿ ಗುರುತು ಹಿಡಿದ. ಹೊರಗೆ ಮಳೆ ಬಿಟ್ಟು ಬಿಟ್ಟು ಬೀಳುತ್ತಿತ್ತು.

"ಹಂಗ ಹಿಡಿಬಾರದ್ರಿ," ಎಂದ ಕೊನೆಗೆ. "ಮ್ಯಾಲ ಅಂಚಿಗಿ ಎರಡು ಬೆರಳು, ಕೆಳಗ ಅಂಗಿ ಚುಂಗು. ಮತ್ತ ಹೆಚ್ಚು ಹೊತ್ತು ಮಾತಾಡಬ್ಯಾಡ್ರಿ. ಅದರಾಗ ಮೊದಲು ಕೈ ಸುಡತದ, ಆಮ್ಯಾಲ ಲಗೂ ಆರತದ."